ಆಡಿದ ಮೇಲೆ ಏನು?

ಹೋದ ವರ್ಷ ದೀಪಾವಳಿಗೆ ತವರುಮನೆ ಕಿನ್ನಾಳಕ್ಕೆ ಹೋದಾಗ ಅಣ್ಣನ ಮನೆಯಲ್ಲಿ ದೊಡ್ಡ ವಾದ ನಡೆದಿತ್ತು. ಅಣ್ಣನ ಮಗಳು ಒಂಬತ್ತನೆಯ ತರಗತಿ. ಬಯಲಿನಲ್ಲಿ ತಮ್ಮನ ಜೊತೆ ಫುಟ್‌ಬಾಲ್ ಆಡುತ್ತಾಳೆ. ಹುಡುಗಿಯರ ತಂಡ ಕಟ್ಟುತ್ತೇವೆ, ಇವಳನ್ನು ಕಳಿಸಿ ಎಂದು ಶಾಲೆಯಿಂದ ಹೇಳಿ ಕಳಿಸಿದ್ದರು.

“ಆಡಿ ಏನ್ ಮಾಡ್ತಾಳ? ಮೂವತ್ತಾಗೂದ್ರಾಗ ಆಟ ಮುಗೀತೈತಿ. ಆಮ್ಯಾಲ?” ಎಂದ ಅಣ್ಣ.

“ಹೆಣ್ಣುಮಕ್ಕಳು ಚೆಂಡು ಒದ್ಕೊಂತ ತಿರುಗಿದ್ರ ನಾಳೆ ಯಾರು ಕೇಳ್ತಾರವಾ?” ಅವ್ವ ಒಲೆಯ ಮುಂದಿನಿಂದಲೇ ದನಿಗೂಡಿಸಿದಳು.

ಹುಡುಗಿ ನನ್ನ ಮುಖ ನೋಡಿದಳು. ನಾನು ಕರ್ಚಿಕಾಯಿಯ ಅಂಚು ಒತ್ತುತ್ತ ಸುಮ್ಮನೆ ಕುಳಿತಿದ್ದೆ. ಆಗ ಸುಮ್ಮನಿದ್ದ ತಪ್ಪಿಗೆ ಈಗ ಇಷ್ಟು ಬರೆಯುತ್ತಿದ್ದೇನೆ.

‘ಆಮೇಲೆ ಏನು?’ ಎಂಬ ಪ್ರಶ್ನೆಗೆ ನಮ್ಮ ರಾಜ್ಯದವರೇ ಒಬ್ಬರು ಬಾಳಿ ಉತ್ತರ ಕೊಟ್ಟಿದ್ದಾರೆ. ಕಾರ್ಲ್‌ಟನ್ ಚಾಪ್‌ಮನ್. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಕ್ರಿಕೆಟ್ಟಿನವರ ಅಡ್ಡಹೆಸರುಗಳನ್ನೂ ಬಲ್ಲ ನಮ್ಮ ಮನೆಯ ಗಂಡಸರಿಗೆ ಈ ಹೆಸರು ಗೊತ್ತಿರಲಿಲ್ಲ. 1990ರಲ್ಲಿ ಅವರು ಜೆಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿದರು. 1993ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡ ಇರಾಕಿನ ಅಲ್ ಜವ್ರಾ ತಂಡವನ್ನು 6-2ರಿಂದ ಸೋಲಿಸಿದಾಗ ಮೂರು ಗೋಲು ಇವರವೇ. 1996-97ರಲ್ಲಿ ದೇಶದ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗನ್ನು ಗೆದ್ದ ಪಂಜಾಬಿನ ಜೆಸಿಟಿ ತಂಡದಲ್ಲಿ ಐ. ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆ ಇವರಿದ್ದರು. 2000-01ರಲ್ಲಿ ಈಸ್ಟ್ ಬೆಂಗಾಲ್ ಅದೇ ಲೀಗನ್ನು ಗೆದ್ದದ್ದು ಇವರ ನಾಯಕತ್ವದಲ್ಲಿ. ಭಾರತ ತಂಡದ ನಾಯಕರೂ ಆಗಿದ್ದರು.

ಮೂರು ಗೋಲು ಹೊಡೆದರೂ ಅವರ ನಿಜವಾದ ಜಾಗ ಮೈದಾನದ ನಡುವೆ. ಹಿಂದಿನವರಿಂದ ಚೆಂಡು ಪಡೆದು ಮುಂದಿನವರಿಗೆ ದಾಟಿಸುವ ಕೆಲಸ. ಕಿನ್ನಾಳದ ಗೊಂಬೆ ಕೊಳ್ಳುವವರು ಬಣ್ಣ ಹೊಗಳುತ್ತಾರೆ. ಒಳಗೆ ತುಂಡುಗಳನ್ನು ಹಿಡಿದಿಟ್ಟ ಹುಣಸೆಬೀಜದ ಅಂಟನ್ನು ಯಾರು ಕೇಳುತ್ತಾರೆ? ನಡುವಿನ ಆಟಗಾರನದೂ ಅದೇ ಪಾಡು. ಮನೆಯಲ್ಲಿ ನಮ್ಮದೂ ಅದೇ ಅಲ್ಲವೇ, ಅಕ್ಕಂದಿರೇ?

ಆಟ ಮುಗಿಯಿತು. ಆಮೇಲೆ? ಚಾಪ್‌ಮನ್ ತಾವು ಕಲಿತ ಅದೇ ಟಾಟಾ ಅಕಾಡೆಮಿಯಲ್ಲಿ ಹುಡುಗರಿಗೆ ಕಲಿಸಲು ನಿಂತರು. ಮುಂದೆ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ ತಂಡಕ್ಕೆ, ಕಲ್ಕತ್ತೆಯ ಭವಾನಿಪುರ ತಂಡಕ್ಕೆ ತರಬೇತಿ ಕೊಟ್ಟರು. ಕೇರಳದ ಕಲ್ಲಿಕೋಟೆಯಲ್ಲೂ ದುಡಿದರು. ಟಿವಿಯವರು ಸುಲಭಕ್ಕೆ ಸುಳಿಯದ ಮೈದಾನಗಳು ಅವು. 2020ರ ಅಕ್ಟೋಬರ್ 12ರಂದು ಹೃದಯಾಘಾತದಿಂದ ಬೆಂಗಳೂರಿನಲ್ಲಿ ತೀರಿಕೊಂಡರು. ವಯಸ್ಸು 49 ಅಷ್ಟೇ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅಣ್ಣ ಕೇಳಿದ: “ಕಲಿಸಿ ಏನ್ ಗಳಿಸ್ಯಾರವಾ? ಬಂಗ್ಲೆ ಕಟ್ಟಿಸ್ಯಾರೇನು?” ಆಟದ ತರಬೇತುದಾರಿಕೆ ಪಿಂಚಣಿ ಇರುವ ನೌಕರಿಯಲ್ಲ, ಒಪ್ಪುತ್ತೇನೆ. ತಂಡ ಸೋತರೆ ಮೊದಲು ಹೋಗುವುದು ಅವರ ಕೆಲಸವೇ. ಆದರೆ ನಾನೊಂದು ಕೇಳುತ್ತೇನೆ. ಹೆಣ್ಣುಮಕ್ಕಳನ್ನು ಬಿ.ಎ. ಓದಿಸುತ್ತೇವೆ, ಗಂಡಿನವರು ಕೇಳುತ್ತಾರೆಂದು. ಮದುವೆಯಾದ ಮೇಲೆ ಆ ಸರ್ಟಿಫಿಕೇಟು ಟ್ರಂಕಿನ ತಳ ಸೇರುತ್ತದೆ. ಆಗ ಯಾರಾದರೂ ‘ಆಮೇಲೆ ಏನು?’ ಎನ್ನುತ್ತಾರೆಯೇ? ಆಟದ ಮಾತು ಬಂದಾಗ ಮಾತ್ರ ನಮಗೆ ದೂರಾಲೋಚನೆ ಹುಟ್ಟುತ್ತದೆ!

ಇನ್ನೊಂದು ನೆಪವೂ ಉಂಟು. “ಪಂದ್ಯಕ್ಕೆ ಕಳಿಸ್ಬೇಕಂದ್ರ ಜೊತಿಗೆ ಹೆಣ್ಣು ಟೀಚರ್ ಇಲ್ಲ” ಎಂದಳು ಅತ್ತಿಗೆ. ತಾಯಿಯ ಭಯ ಸುಳ್ಳಲ್ಲ. ಆದರೆ ಆಟ ಕಲಿಸುವ ಹೆಂಗಸರು ಯಾಕಿಲ್ಲ? ಆಡುವ ಹುಡುಗಿಯರನ್ನು ಹದಿನಾಲ್ಕಕ್ಕೇ ಮನೆಗೆ ಕರೆದುಕೊಂಡವರು ನಾವೇ. ಆಡದವರು ಕಲಿಸುವುದೇನನ್ನು? ಕಲಿಸುವವರಿಲ್ಲವೆಂದು ಆಡಲು ಬಿಡುವುದಿಲ್ಲ, ಆಡಲು ಬಿಡದ್ದಕ್ಕೆ ಕಲಿಸುವವರು ಹುಟ್ಟುವುದಿಲ್ಲ. ಗಾಣದೆತ್ತಿನಂತೆ ಸುತ್ತುತ್ತಿದ್ದೇವೆ.

1980ರಲ್ಲಿ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾ ಮಹಿಳಾ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ನಮ್ಮ ದೇಶದ ಹುಡುಗಿಯರು ಎರಡನೆಯ ಸ್ಥಾನ ಪಡೆದಿದ್ದರು. ಆ ತಂಡಕ್ಕೆ ಆಡಿ ಬೆಳೆದ ಹೆಂಗಸೇ ಅದರ ತರಬೇತುದಾರಳಾಗಲು ಎಷ್ಟು ವರ್ಷ ಬೇಕಾಯಿತು ಗೊತ್ತೇ? ಭಾರತಕ್ಕೆ ಆಡಿದ್ದ ಗೋವಾದ ಮೇಮೋಲ್ ರಾಕಿ ಮಹಿಳಾ ತಂಡದ ಮುಖ್ಯ ತರಬೇತುದಾರರಾದದ್ದು 2017ರಲ್ಲಿ. ಮೂವತ್ತೇಳು ವರ್ಷ! ಅಷ್ಟು ಕಾಲ ಎಷ್ಟು ಊರುಗಳಲ್ಲಿ ಎಷ್ಟು ಅವ್ವಂದಿರು ಒಲೆಯ ಮುಂದೆ ಕುಳಿತು ‘ಯಾರು ಕೇಳ್ತಾರ’ ಎಂದಿದ್ದರೋ!

ನಾನೂ ಖೋ ಖೋ ಆಡುತ್ತಿದ್ದೆ. ದೊಡ್ಡವಳಾದ ತಿಂಗಳೇ ಆಟ ನಿಂತಿತು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಮರುದಿನದಿಂದ ಸಂಜೆ ನೀರು ತರುವ ಕೆಲಸ ನನ್ನದಾಯಿತು, ಅಷ್ಟೇ. ಹೀಗೆ ಸದ್ದಿಲ್ಲದೆ ನಿಂತ ಆಟಗಳ ಲೆಕ್ಕ ಇಟ್ಟವರಾರು?

ಆದ್ದರಿಂದ ಓದುವ ತಾಯಂದಿರಿಗೆ ಒಂದು ಮಾತು. ಶಾಲೆಯ ಸಭೆಗೆ ಹೋದಾಗ ಮಾರ್ಕ್ಸು ಕೇಳುತ್ತೀರಿ, ಬಿಸಿಯೂಟ ಕೇಳುತ್ತೀರಿ. ಆಟದ ಪೀರಿಯಡ್ ಎಲ್ಲಿ ಹೋಯಿತೆಂದೂ ಕೇಳಿ. ಹುಡುಗಿಯರಿಗೆ ಚೆಂಡು ಕೊಟ್ಟಿರಾ ಎಂದು ಕೇಳಿ. ಪಂದ್ಯದ ದಿನ ಜೊತೆಗೆ ಹೋಗಲು ಹೆಂಗಸು ಬೇಕೇ? ನೀವೇ ಒಬ್ಬರು ಹೋಗಿ. ಮದುವೆ, ಸೀಮಂತಗಳಿಗೆ ಬಸ್ಸು ಹತ್ತುವ ನಮಗೆ ಅದೊಂದು ದಿನ ಹೆಚ್ಚೇ?

ಸಂಕ್ರಾಂತಿಗೆ ಹೋದಾಗ ಕೊಪ್ಪಳದಿಂದ ಬೂಟು ಕೊಂಡೊಯ್ದೆ. ಅಣ್ಣ ನೋಡಿದ, ಏನೂ ಅನ್ನಲಿಲ್ಲ. ಅವ್ವ ಮಾತ್ರ, “ನೀನ ಕೆಡಸಾಕತ್ತಿ ನೋಡು ಆಕೀನ” ಎಂದಳು. “ಹೌದವ್ವಾ, ನಾನ. ಪಂದ್ಯಕ್ಕೂ ನಾನ ಕರ್ಕೊಂಡು ಹೋಗಾಕಿ” ಎಂದೆ. ಈ ಸಲ ಸುಮ್ಮನೆ ಕೂರಲಿಲ್ಲ.