ಚೆಕ್ಕು ಬಂತೆಂದು ಕ್ಲೇಮು ಬಿಡಬೇಡಿ

ಹೆದ್ದಾರಿ 66ರಲ್ಲಿ ಒಂದು ಸಾವಾದರೆ ಮುಂದೇನು ನಡೆಯುತ್ತದೆ ಎಂಬುದು ನಮಗೆಲ್ಲ ಬಾಯಿಪಾಠ. ಜನಪ್ರತಿನಿಧಿ ಬರುತ್ತಾರೆ, ಚೆಕ್ ಹಸ್ತಾಂತರದ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಉತ್ತರಕ್ರಿಯೆ ಮುಗಿಯುತ್ತದೆ. ಅಲ್ಲಿಗೆ ಲೆಕ್ಕ ಚುಕ್ತಾ ಎಂದುಕೊಳ್ಳುವ ಮನೆಗಳು ಎಷ್ಟೋ. ‘ಕೋರ್ಟಿಗೆ ಹೋದರೆ ಸತ್ತವರು ಎದ್ದು ಬರುತ್ತಾರಾ’ ಎನ್ನುವ ನೆಂಟರು ಬೇರೆ. ಬರುವುದಿಲ್ಲ, ಸರಿ. ಆದರೆ ಉಳಿದವರು ಬದುಕಬೇಕಲ್ಲ!

2016ರ ಜೂನ್ 21ರಂದು ತ್ರಾಸಿ ಬಳಿಯ ಮೊವಾಡಿ ಕ್ರಾಸ್‌ನಲ್ಲಿ ಶಾಲಾ ವ್ಯಾನಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ತೀರಿಕೊಂಡರು. 2022ರ ಜುಲೈ 20ರಂದು ಬೈಂದೂರು ತಾಲ್ಲೂಕಿನ ಶಿರೂರು ಟೋಲ್‌ಗೇಟಿನಲ್ಲಿ ಆಂಬುಲೆನ್ಸ್ ಪಲ್ಟಿಯಾಗಿ ನಾಲ್ವರು ಹೋದರು. ಆ ವಿಡಿಯೊವನ್ನು ಊರೆಲ್ಲ ನೋಡಿತು. ಇಂಥ ಸಾವಿನ ನಂತರ ಮನೆಯವರಿಗೆ ಕಾನೂನಿನಲ್ಲಿ ಏನಿದೆ ಎಂಬ ಮಾತು ಮಾತ್ರ ಅಷ್ಟು ದೂರ ಹೋಗುವುದಿಲ್ಲ.

ಸರ್ಕಾರದ ಚೆಕ್ಕು ಅನುಕಂಪದ ಹಣ. ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಕ್ಲೇಮು ಹಕ್ಕಿನದು. ತಪ್ಪು ಮಾಡಿದ ವಾಹನದ ಮಾಲೀಕ, ವಿಮಾ ಕಂಪನಿ ಕೊಡಬೇಕಾದದ್ದು. ಗಂಗೊಳ್ಳಿ ಬಂದರಿನಲ್ಲಿ ತಿಂಗಳಿಗೆ 15,000 ದುಡಿಯುವ 35ರ ಗಂಡಸು ಬೈಕಿನಲ್ಲಿ ಮನೆಗೆ ಬರುವಾಗ ಲಾರಿಗೆ ಸಿಕ್ಕಿ ಸತ್ತನೆಂದುಕೊಳ್ಳಿ. ಮುಂದೆ ಹೆಚ್ಚಬಹುದಾಗಿದ್ದ ಆದಾಯಕ್ಕೆ ಶೇ 40 ಸೇರಿಸಿದರೆ 21,000. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಇರುವುದರಿಂದ ಅವನ ಸ್ವಂತ ಖರ್ಚಿಗೆ ಕಾಲುಭಾಗ ಕಳೆದರೆ 15,750. ವರ್ಷಕ್ಕೆ 1,89,000. ಆ ವಯಸ್ಸಿಗೆ ಗುಣಕ 16. ಒಟ್ಟು 30,24,000 ರೂಪಾಯಿ. ಇದು ಸುಪ್ರೀಂ ಕೋರ್ಟ್ 2009 ಮತ್ತು 2017ರ ತೀರ್ಪುಗಳಲ್ಲಿ ಹಾಕಿಕೊಟ್ಟ ಲೆಕ್ಕ. ತಪ್ಪು ಸಾಬೀತು ಮಾಡದೆ 164ನೇ ಕಲಮಿನಡಿ ಸಿಗುವ ಐದು ಲಕ್ಷಕ್ಕೆ ಒಪ್ಪಿದರೆ ಈ ಅರ್ಜಿ ಬಿದ್ದುಹೋಗುತ್ತದೆ. ಬೇಗ ಸಿಗುವ ದುಡ್ಡಿನ ಆಸೆಗೆ ರುಜು ಹಾಕುವ ಮೊದಲು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಸತ್ತವಳು ಗೃಹಿಣಿಯಾದರೆ? ಮನೆಗೆಲಸಕ್ಕೂ ಆದಾಯ ಕಟ್ಟಬೇಕೆಂದು ಅದೇ ಕೋರ್ಟು 2021ರಲ್ಲಿ ಮತ್ತೆ ಹೇಳಿದೆ. ಅಳಿಯನ ಜತೆ ವಾಸವಿದ್ದ ಅತ್ತೆಯೂ ಕ್ಲೇಮಿಗೆ ಅರ್ಹಳೆಂದು ಅದೇ ವರ್ಷ ಇನ್ನೊಂದು ತೀರ್ಪು ಬಂತು.

ಬ್ರಹ್ಮಾವರದ ಹುಡುಗ ಬೆಂಗಳೂರಿನ ಹೋಟೆಲಿನಿಂದ ರೂಮಿಗೆ ಹೋಗುವಾಗ ಸತ್ತರೆ ತಂದೆತಾಯಿ ಬೆಂಗಳೂರಿಗೆ ಅಲೆಯಬೇಕಿಲ್ಲ; ತಾವು ವಾಸವಿರುವ ವ್ಯಾಪ್ತಿಯ ಟ್ರಿಬ್ಯುನಲ್‌ನಲ್ಲೇ ಅರ್ಜಿ ಹಾಕಬಹುದು. ಆರು ತಿಂಗಳೊಳಗೆ ಹಾಕಬೇಕೆನ್ನುವ ತಿದ್ದುಪಡಿ 2022ರ ಏಪ್ರಿಲ್‌ನಿಂದ ಇದೆ. ಆ ಮಿತಿಯನ್ನೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಹಾಗಾಗಿ ತಡವಾಯಿತೆಂದು ಕೈಚೆಲ್ಲಬೇಡಿ; ಹಾಗೆಂದು ಕಾಯುತ್ತಲೂ ಕೂರಬೇಡಿ.

ಕಡಲಿನ ಸಾವಿಗೆ ಪರಿಹಾರ ಕೇಳುವವರ ಕಷ್ಟವೇ ಬೇರೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟಿನ ಏಳು ಮೀನುಗಾರರು ಮರಳಲಿಲ್ಲ. ಏಳು ವರ್ಷ ಸುಳಿವಿಲ್ಲದವರನ್ನು ಮಾತ್ರ ಸತ್ತರೆಂದು ಭಾವಿಸುವ ಸಾಕ್ಷ್ಯ ಕಾನೂನಿನ ನಿಯಮ, ಬೋಟಿನ ಅವಶೇಷ ಸಿಕ್ಕ ಮೇಲೂ ಹೆಣ ಸಿಗದ ಮನೆಗಳಿಗೆ ಬಲು ಕಠಿಣ. ಇದನ್ನು ಬದಲಿಸಬೇಕು.

ರಸ್ತೆಯ ಸಾವಾದರೆ ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಸಂಬಳದ ದಾಖಲೆ ಜೋಪಾನ ಮಾಡಿ. ಬರೀ ಹಾಳೆಗೆ ರುಜು ಹಾಕಬೇಡಿ. ವಕೀಲರ ಫೀಸಿಗೆ ಹೆದರುವ ವಿಧವೆಯರು ಕುಂದಾಪುರ ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಲಿ: 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇದ್ದರೂ, ವಕೀಲರ ನೆರವು ಉಚಿತ.