ನಾಲ್ಕು ಜನರ ಟೀಮಿಗೆ ಇಷ್ಟೊಂದು ಬ್ರಾಂಚ್ ಯಾಕೆ?

ಫೈನಲ್ ಇಯರ್ ಪ್ರಾಜೆಕ್ಟ್ ಶುರುವಾದ ಕೂಡಲೇ ಟೀಮಿನಲ್ಲಿ ಯಾರಾದ್ರೂ ಒಬ್ಬರು ಗಿಟ್‌ಫ್ಲೋ ಚಿತ್ರ ಹುಡುಕಿ ಗ್ರೂಪಿಗೆ ಹಾಕ್ತಾರೆ. ಮಾಸ್ಟರ್, ಡೆವಲಪ್, ಫೀಚರ್, ರಿಲೀಸ್, ಹಾಟ್‌ಫಿಕ್ಸ್ ಅಂತ ಬಣ್ಣಬಣ್ಣದ ಗೆರೆಗಳು, ಥೇಟ್ ಮೆಟ್ರೋ ಮ್ಯಾಪ್. ಎರಡು ವಾರ ಕಳೆದ ಮೇಲೆ ನೋಡಿ, ಅದೇ ಟೀಮು ಜಿಪ್ ಫೈಲನ್ನ ವಾಟ್ಸಾಪಲ್ಲಿ ಕಳಿಸಿಕೊಳ್ತಾ ಇರುತ್ತೆ.

ಗಿಟ್‌ಫ್ಲೋ ಕೆಟ್ಟದ್ದಲ್ಲ. ವಿನ್ಸೆಂಟ್ ಡ್ರೀಸೆನ್ 2010ರಲ್ಲಿ ಅದನ್ನು ಬರೆದರು. ನಂಬರ್ ಕೊಟ್ಟು ಬಿಡುಗಡೆ ಮಾಡುವ, ಹಳೇ ವರ್ಷನ್‌ಗಳನ್ನೂ ಸಾಕಬೇಕಾದ ಸಾಫ್ಟ್‌ವೇರಿಗೆ ಅದು ಹೊಂದುತ್ತೆ. ಆದರೆ 2020ರಲ್ಲಿ ಅದೇ ಬರಹಕ್ಕೆ ಅವರೇ ಒಂದು ಟಿಪ್ಪಣಿ ಸೇರಿಸಿದರು: ಆಗಾಗ ಹೊಸದಾಗುತ್ತಲೇ ಇರುವ ವೆಬ್ ಆಪ್ ಕಟ್ಟುವವರು ಇದಕ್ಕಿಂತ ಸರಳವಾದದ್ದನ್ನು ಬಳಸುವುದು ಒಳ್ಳೇದು ಅಂತ. ಚಿತ್ರ ಕಾಪಿ ಮಾಡುವ ನಾವು ಆ ಟಿಪ್ಪಣಿ ಓದಲ್ಲ.

ನನ್ನ ಪ್ರಕಾರ ನಮಗೆ ಬೇಕಿರೋದು ಒಂದೇ ಮೇನ್ ಬ್ರಾಂಚ್. ಒಂದು ಕೆಲಸಕ್ಕೆ ಒಂದು ಸಣ್ಣ ಬ್ರಾಂಚ್, ಒಂದೆರಡು ದಿನದೊಳಗೆ ಪುಲ್ ರಿಕ್ವೆಸ್ಟ್, ಇನ್ನೊಬ್ಬರು ಓದಿದ ಮೇಲೆ ಮರ್ಜ್. ಇಬ್ಬರು ಒಂದೇ ಸಾಲನ್ನು ಬೇರೆಬೇರೆ ಥರ ತಿದ್ದಿದಾಗ ಯಾವುದನ್ನು ಉಳಿಸಬೇಕು ಅಂತ ಗಿಟ್‌ಗೆ ಗೊತ್ತಾಗಲ್ಲ, ಕಾನ್‌ಫ್ಲಿಕ್ಟ್ ಅಂದ್ರೆ ಅಷ್ಟೇ. ಬ್ರಾಂಚ್ ಒಂದು ತಿಂಗಳು ಹಾಗೇ ಬಿದ್ದಿದ್ದರೆ ಇಂಥ ಸಾಲುಗಳು ಬೆಳೀತಾ ಹೋಗ್ತವೆ. ‘ರಿವ್ಯೂ ಮಾಡೋಕೆ ಯಾರಿಗೆ ಟೈಮ್ ಇದೆ?’ ಅಂತೀರಾ? ಐವತ್ತು ಸಾಲು ಓದೋಕೆ ಒಂದು ಟೀ ಕುಡಿಯುವಷ್ಟು ಹೊತ್ತು ಸಾಕು. ಎರಡು ಸಾವಿರ ಸಾಲು ಒಟ್ಟಿಗೆ ಕಳಿಸಿದ್ರೆ ಮಾತ್ರ ಯಾರೂ ಓದಲ್ಲ, ‘ಸೂಪರ್ ಮಗಾ’ ಅಂತ ಅಪ್ರೂವ್ ಒತ್ತಿಬಿಡ್ತಾರೆ. (ಕಮಿಟ್ ಮೆಸೇಜನ್ನ ಕನ್ನಡದಲ್ಲೇ ಬರೀಬಹುದು, ಗಿಟ್‌ಗೆ ಅದರಿಂದ ಏನೂ ತೊಂದರೆ ಇಲ್ಲ. ‘ಅಪ್‌ಡೇಟೆಡ್’ ಅನ್ನೋದಕ್ಕಿಂತ ‘ಲಾಗಿನ್ ಪುಟದ ತಪ್ಪು ಸರಿಮಾಡಿದೆ’ ಎಷ್ಟೋ ವಾಸಿ.)

ಇದರಲ್ಲಿ ಅನ್ಯಾಯದ ಮಾತೂ ಇದೆ. ಡೆಮೋ ಹಿಂದಿನ ರಾತ್ರಿ ಎಲ್ಲರ ಕೋಡನ್ನೂ ಒಂದು ಲ್ಯಾಪ್‌ಟಾಪಿಗೆ ಸುರಿದು ಒಂದೇ ಕಮಿಟ್ ಹೊಡೆದರೆ, ಇತಿಹಾಸದಲ್ಲಿ ಉಳಿಯೋದು ಒಂದೇ ಹೆಸರು. ಮೂರು ತಿಂಗಳು ಡೇಟಾಬೇಸ್ ಮೇಲೆ ಕೂತವಳು ಇಂಟರ್‌ವ್ಯೂನಲ್ಲಿ ಗಿಟ್‌ಹಬ್ ಲಿಂಕ್ ಕೊಟ್ಟರೆ ಅಲ್ಲಿ ಅವಳ ಹೆಸರೇ ಇರಲ್ಲ. ಸ್ವಂತ ಲ್ಯಾಪ್‌ಟಾಪ್ ಇಲ್ಲದೆ ಗೆಳೆಯರದ್ದರಲ್ಲೇ ಕೆಲಸ ಮಾಡುವವರ ಪಾಡು ಇನ್ನೂ ಕಷ್ಟ, ಯಾಕಂದ್ರೆ ಆ ಮಷಿನಿನಲ್ಲಿ ಸೆಟ್ ಆಗಿರೋ ಹೆಸರೇ ಕಮಿಟ್‌ಗೆ ಅಂಟಿಕೊಳ್ಳುತ್ತೆ. ಅದಕ್ಕೂ ದಾರಿ ಇದೆ: ಮೆಸೇಜಿನ ಕೊನೆಗೆ ‘ಕೋ-ಆಥರ್ಡ್-ಬೈ’ ಅನ್ನೋ ಸಾಲನ್ನ ಇಂಗ್ಲಿಷಿನಲ್ಲೇ ಹಾಕಿ, ಪಕ್ಕದಲ್ಲಿ ಅವರ ಹೆಸರು, ಈಮೇಲ್ ಬರೆದರೆ ಗಿಟ್‌ಹಬ್ ಇಬ್ಬರನ್ನೂ ತೋರಿಸುತ್ತೆ. ಈಮೇಲ್ ಮಾತ್ರ ಅವರ ಗಿಟ್‌ಹಬ್ ಅಕೌಂಟಿನದೇ ಆಗಿರಲಿ.