ಓದದೆ ಕೊಟ್ಟ ಒಪ್ಪಿಗೆ

ಪದ್ಯಕ್ಕೆ ಅರ್ಥ ಹೇಳುವ ಮೊದಲು ಅದನ್ನು ಪೂರ್ತಿಯಾಗಿ ಓದಬೇಕೆಂದು ತರಗತಿಯಲ್ಲಿ ನಿತ್ಯವೂ ಉಪದೇಶಿಸುವವನು ನಾನು. ಅಂಥವನೇ ಮೊನ್ನೆ ಯಲಹಂಕದ ನಮ್ಮ ಮನೆಯಲ್ಲಿ, ಒಂದಕ್ಷರವನ್ನೂ ಓದದೆ, ನನ್ನ ತಾಯಿಯ ಪರವಾಗಿ ಒಪ್ಪಿಗೆ ಕೊಟ್ಟುಬಿಟ್ಟೆ.

ಆದದ್ದಿಷ್ಟೆ. ಅಮ್ಮನಿಗೆ ಮೊಬೈಲಿನಲ್ಲಿ ಪಂಚಾಂಗ ಬೇಕಾಗಿತ್ತು. ಆ್ಯಪನ್ನು ಹಾಕಿಕೊಟ್ಟೆ. ಅದು ಮೊದಲು ನಾವಿರುವ ಸ್ಥಳವನ್ನು ಕೇಳಿತು. ಬಳಿಕ ಫೋನಿನಲ್ಲಿರುವ ಹೆಸರು, ನಂಬರುಗಳ ಪಟ್ಟಿಯನ್ನು ಕೇಳಿತು. ಎರಡಕ್ಕೂ ಒಪ್ಪಿಗೆಯ ಗುಂಡಿ ಒತ್ತಿದೆ.

“ಏನೋ ಕೇಳಿತಲ್ಲ, ಏನದು?” ಎಂದಳು ಅಮ್ಮ. ಹೇಳಿದೆ.

“ಊರಿಂದೂರಿಗೆ ಸೂರ್ಯೋದಯ ಬೇರೆ, ಊರು ಕೇಳಿದ್ದು ನ್ಯಾಯ. ನಮ್ಮ ನೆಂಟರಿಷ್ಟರ ಪಟ್ಟಿ ಅದಕ್ಕೆ ಯಾತಕ್ಕೋ? ತಿಥಿ ಹೇಳುವ ಪುರೋಹಿತರು ಎಂದಾದರೂ ಅದನ್ನು ಕೇಳಿದ್ದುಂಟೆ?”

ನನ್ನ ಎಂ.ಎ. ಪದವಿಗೆ ಉತ್ತರ ಹೊಳೆಯಲಿಲ್ಲ.

ವಿಚಾರಿಸಿದ ಮೇಲೆ ತಿಳಿಯಿತು: ಅನೇಕ ಆ್ಯಪುಗಳ ಒಡಲಲ್ಲಿ ಬೇರೆ ಕಂಪನಿಗಳು ಸಿದ್ಧಪಡಿಸಿದ ತಂತ್ರಾಂಶದ ತುಣುಕುಗಳಿರುತ್ತವೆ. ಆ್ಯಪನ್ನು ಯಾವಾಗ ತೆರೆದಿರಿ, ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತಿರಿ ಎಂಬ ವರದಿಯನ್ನು ಅವು ಸದ್ದಿಲ್ಲದೆ ಕಳುಹಿಸುತ್ತವೆ. ತಪ್ಪು ತಿದ್ದಿಕೊಳ್ಳಲು ಇದು ತಯಾರಕರಿಗೆ ಉಪಯುಕ್ತವೆಂಬುದೂ ನಿಜ. ಆದರೆ ಪ್ರತಿ ಫೋನಿಗೂ ಜಾಹೀರಾತಿನ ಸಲುವಾಗಿ ಒಂದು ಗುರುತುಸಂಖ್ಯೆಯಿದೆ. ಹತ್ತು ಆ್ಯಪುಗಳ ಚೂರುಪಾರು ವರದಿಗಳನ್ನು ಆ ಸಂಖ್ಯೆಯ ದಾರದಲ್ಲಿ ಪೋಣಿಸಿದರೆ ಒಬ್ಬ ಮನುಷ್ಯನ ದಿನಚರಿಯೇ ಸಿದ್ಧವಾಗುತ್ತದೆ!

ಅಮೆರಿಕದಲ್ಲಿ ಬಹು ಜನಪ್ರಿಯವಾಗಿದ್ದ ಟಾರ್ಚ್ ಆ್ಯಪೊಂದರ ಮೇಲೆ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ದೋಷಾರೋಪ ಹೊರಿಸಿತು. ಬೆಳಕು ಕೊಡುವುದಷ್ಟೇ ಕೆಲಸವಾಗಿದ್ದ ಅದು ಬಳಕೆದಾರರ ಸ್ಥಳವನ್ನು ಜಾಹೀರಾತಿನವರಿಗೆ ತಲುಪಿಸುತ್ತಿತ್ತು. ಅದೂ ಅವರು ‘ಒಪ್ಪಿದೆ’ ಎನ್ನುವುದಕ್ಕೆ ಮೊದಲೇ.

ಇದಕ್ಕೆ ಪರಿಹಾರವನ್ನು ಹುಡುಕಿಕೊಂಡು ನಾವು ಬಹುದೂರ ಹೋಗಬೇಕಾಗಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ನಮ್ಮ ಬೆಂಗಳೂರಿನವರೇ ಆಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದಾಗ ಅವರ ವಯಸ್ಸು 86. ಆ ಮೊಕದ್ದಮೆಯಲ್ಲಿಯೇ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಪುಟ್ಟಸ್ವಾಮಿಯವರು 2024ರಲ್ಲಿ ಕಾಲವಾದರು. ಅವರು ಗಳಿಸಿಕೊಟ್ಟ ಆಸ್ತಿ ನಮ್ಮದಾಗಿ ಉಳಿದಿದೆ.

2023ರ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಕನ್ನಡಿಗರು ಗಮನಿಸಬೇಕಾದ ಮಾತೊಂದಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆಯನ್ನು ನಮಗೆ ಕೊಡಬೇಕು. ಆ ಭಾಷೆಗಳಲ್ಲಿ ಕನ್ನಡವೂ ಒಂದು. 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಇದಕ್ಕೆ ಹದಿನೆಂಟು ತಿಂಗಳ ಗಡುವು ಇಟ್ಟಿವೆ. ತಿಳಿಯದ ಭಾಷೆಯಲ್ಲಿ ಕೊಟ್ಟ ಒಪ್ಪಿಗೆ ಎಂಥ ಒಪ್ಪಿಗೆ? ಆದರೆ ಕನ್ನಡದಲ್ಲಿ ಬರೆದದ್ದನ್ನೂ ಓದದೆ ಒತ್ತುವ ನನ್ನಂಥವನನ್ನು ಯಾವ ಕಾಯಿದೆ ಕಾಪಾಡೀತು?

ಆ ಸಂಜೆಯೇ ಫೋನಿನ ಸೆಟ್ಟಿಂಗ್ಸಿಗೆ ಹೋಗಿ ನೆಂಟರಿಷ್ಟರ ಪಟ್ಟಿಗೆ ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡೆ. ಜಾಹೀರಾತಿನ ಗುರುತುಸಂಖ್ಯೆಯನ್ನೂ ಅಳಿಸಿಹಾಕಿದೆ. ಐದು ನಿಮಿಷದ ಕೆಲಸ. ಮರುದಿನವೂ ಪಂಚಾಂಗ ತಿಥಿ, ನಕ್ಷತ್ರಗಳನ್ನು ಎಂದಿನಂತೆಯೇ ಹೇಳಿತು. ಆ ಪಟ್ಟಿಯಿಲ್ಲದೆಯೂ ಅದರ ಕೆಲಸ ನಡೆಯುತ್ತಿತ್ತೆಂದಾಯಿತು.

ಈಗ ನಾನು ಅಮ್ಮನ ಫೋನನ್ನು ಕೈಗೆತ್ತಿಕೊಂಡರೆ ಸಾಕು, ಅವಳು ಕೇಳುವ ಪ್ರಶ್ನೆ ಒಂದೇ: “ಓದಿದೆಯೇನೋ?”